ಅಯಸ್ಕಾಂತದ ಫ್ರಿಜ್ಜಿಗೆ ಐಸ್ ಇಟ್ಟವನು

ಅಣ್ಣಾ,

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ನಿನ್ನ ಜೊತೆ ಇಷ್ಟು ವರ್ಷ ಫ್ರಿಜ್ ರಿಪೇರಿ ಮಾಡಿದ ನನಗೆ ಈ ಲ್ಯಾಬಿನ ಫ್ರಿಜ್ ಮೊದಲು ನಂಬಲಿಕ್ಕೇ ಆಗಲಿಲ್ಲ. ಗ್ಯಾಸಿಲ್ಲ, ಕಂಪ್ರೆಸರಿಲ್ಲ. ಬೂದು ಬಣ್ಣದ ಲೋಹದ ತಗಡುಗಳು ಅಯಸ್ಕಾಂತದೊಳಗೆ ಹೋದಾಗ ಬಿಸಿಯಾಗುತ್ತವೆ, ಆ ಬಿಸಿಯನ್ನು ನೀರು ಹೊತ್ತೊಯ್ಯುತ್ತದೆ, ಹೊರಗೆ ಬಂದಾಗ ತಗಡು ತಣ್ಣಗಾಗುತ್ತದೆ. ನೀರಿನ ಕೊಳವೆಗಳನ್ನೆಲ್ಲ ನಾನೇ ಬೆಸೆದೆ. ನಿನ್ನೆ ಕೋಣೆಯಲ್ಲಿ ಮೂವತ್ತೆರಡು ಇದ್ದರೂ ಪೆಟ್ಟಿಗೆಯೊಳಗೆ ಹನ್ನೊಂದು ಡಿಗ್ರಿಗೆ ಇಳಿಯಿತು. ಕುಣಿದುಬಿಟ್ಟೆ.

ಇವತ್ತು ನೋಡಲು ಲ್ಯಾಬಿಗೆ ದುಡ್ಡು ಕೊಡುವ ದೊಡ್ಡವರು ಬರುವವರಿದ್ದರು. ಲ್ಯಾಬಿನ ಮುಖ್ಯಸ್ಥ, "ನೋಡಮ್ಮಾ, ಹನ್ನೊಂದು ಅಂದ್ರೆ ಯಾರೂ ಮೂಸಿ ನೋಡಲ್ಲ. ಹಿಂದ್ಗಡೆ ಐಸ್ ಇಟ್ಬಿಡು, ನಾಲ್ಕು ತೋರಿಸ್ಲಿ" ಅಂದ.

"ನಾನಿಡಲ್ಲ ಸಾರ್" ಅಂದೆ. ತಾನೇ ಇಟ್ಟ. ಬಂದವರು ನಾಲ್ಕು ಡಿಗ್ರಿ ನೋಡಿ ಚಪ್ಪಾಳೆ ತಟ್ಟಿದರು. ನನಗೆ ತಡೆಯಲಾಗಲಿಲ್ಲ. ಎಲ್ಲರೆದುರೇ ಕೈ ಹಾಕಿ ಐಸಿನ ಚೀಲ ಎಳೆದು ಮೇಜಿನ ಮೇಲೆ ಕುಕ್ಕಿದೆ. "ಇದು ಸಾಹೇಬರ ಕೆಲಸ. ಮೆಷಿನ್ನಿನ ಕೆಲಸ ಹನ್ನೊಂದು ಡಿಗ್ರಿ. ಮುಕ್ಕಾಲು ಗಂಟೆ ಕೂತ್ಕೊಳ್ಳಿ, ತೋರಿಸ್ತೀನಿ" ಅಂದೆ.

ಒಬ್ಬರೂ ಕೂರಲಿಲ್ಲ. ಅವರನ್ನು ಕಾರಿನವರೆಗೆ ಬಿಟ್ಟುಬರಲು ಮುಖ್ಯಸ್ಥನೂ ಓಡಿದ. ಥರ್ಮಾಮೀಟರಿನ ಮುಳ್ಳು ಮೆಲ್ಲಗೆ ಏರಿ ಹನ್ನೊಂದಕ್ಕೆ ನಿಂತಿತು, ಆಮೇಲೆ ಕದಲಲಿಲ್ಲ. ಅಂಥ ಸೆಖೆಯ ಕೋಣೆಯಲ್ಲಿ, ಅಣ್ಣಾ! ನೋಡಲು ನಾನೊಬ್ಬಳೇ ಇದ್ದೆ. ನಿಜವಾಗಿ ತಣ್ಣಗಾಗುವ ಯಂತ್ರವನ್ನೇ ಸುಳ್ಳುಗಾರನನ್ನಾಗಿ ಮಾಡಿಟ್ಟನಲ್ಲ, ಅದಕ್ಕೇ ಈ ಸಿಟ್ಟು.

ಹೋದ ತಿಂಗಳು ಅಯಸ್ಕಾಂತಕ್ಕೆ ಸಿಕ್ಕಿ ಜಜ್ಜಿಹೋಗಿದ್ದ ನನ್ನ ಬೆರಳು ವಾಸಿಯಾಗಿದೆ, ಅಮ್ಮನಿಗೆ ಹೇಳು. ನಾಳೆಯಿಂದ ಲ್ಯಾಬಿಗೆ ಬರಬೇಡ ಅಂದಿದ್ದಾನೆ ಮುಖ್ಯಸ್ಥ. ಹೋಗಿಯೇ ಹೋಗುತ್ತೇನೆ, ಗೇಟಿನಲ್ಲೇ ತಡೆಯಲಿ ನೋಡೋಣ.

ನಿನ್ನ ತಂಗಿ