ಉಮಾಶ್ರೀ ಬಿಡಿಸಿದ ಕೈಗಳು

ನಾರಾಯಣಗೂಡ, ಹೈದರಾಬಾದ್
೨೧ ಫೆಬ್ರುವರಿ ೨೦೧೦, ರವಿವಾರ

ಪ್ರೀತಿಯ ಶಿವದೇವಿ ಅಕ್ಕಗ,

ನಿನ್ನ ತಮ್ಮ ಹುಲಗೇಶನ ನಮಸ್ಕಾರ. ಮೊಣಕಾಲು ಹೆಂಗ ಅದಾವ? ಡಾಕ್ಟರು ಕೊಟ್ಟ ಬೆಲ್ಟ್ ಹಾಕ್ಕೊಂಡು ಅಡ್ಡಾಡಾಕತ್ತೀಯೋ, ಇಲ್ಲಾ ಕಪಾಟಿನ್ಯಾಗ ಇಟ್ಟು ಮರತೀಯೋ? ಭಾವ ಅಮರೇಶಪ್ಪ ಅವರಿಗೆ ಸಕ್ಕರಿ ಕಮ್ಮಿ ಆಗೈತಂತ ಹೋದ ವಾರ ಫೋನಿನ್ಯಾಗ ಹೇಳಿದ್ದಿ, ಸಂತೋಷ ಆತು. ಇಲ್ಲಿ ನಾನು, ನನ್ನ ಹೆಣತಿ ರಶ್ಮಿ, ನಿನ್ನ ಮಗಳು ಉಮಾಶ್ರೀ ಮೂರೂ ಮಂದಿ ಆರಾಮ ಅದೀವಿ. ಫೋನ್ ಇರೂವಾಗ ಪತ್ರ ಯಾಕ ಅಂತ ನಿನಗ ಅನಸಬಹುದು. ನಿಮ್ಮ ಫೋನು ನಡುಮನ್ಯಾಗ ಐತಿ. ಮೊದಲು ನಿಮ್ಮತ್ತಿ ಎತ್ತತಾರ, ನೀ ಬರೂದ್ರಾಗ ಅರ್ಧ ಸುದ್ದಿ ಅವರ ಕಿವಿಗೆ ಬಿದ್ದಿರತೈತಿ. ಈ ಸುದ್ದಿ ಅರ್ಧ ಕೇಳೂವಂಥಾದ್ದಲ್ಲ. ಇವತ್ತು ಅಂಗಡಿ ತಗದಿಲ್ಲ, ಅದಕ್ಕ ಕುಂತು ಬರಿಯಾಕತ್ತೀನಿ.

ಅಂಗಡಿ ಚಲೋ ನಡದೈತಿ. ನೀ ಬಂದಾಗ ಬರೇ ಫೋಟೋ, ಲಗ್ನಪತ್ರಿಕಿ, ವಿಸಿಟಿಂಗ್ ಕಾರ್ಡ್ ಮಾಡತಿದ್ದೆ, ಈಗ ಫ್ಲೆಕ್ಸ್ ಕೆಲಸ ಭಾಳ. ಕೊಂಡಾಪುರದ ಕಡೆ ದಿನಕ್ಕೊಂದು ಹೊಸಾ ಆಫೀಸು ಏಳಾಕತ್ತೈತಿ. ಅವರ ಬೆನ್ನಿಗೆ ಹಾಸ್ಟೆಲಿನವರು, ಕಂಪ್ಯೂಟರ್ ಕಲಸೂ ಇನ್‌ಸ್ಟಿಟ್ಯೂಟಿನವರು ಬೋರ್ಡ್ ಬೇಕಂತ ಇಲ್ಲೀತನಾ ಬರ್ತಾರ. ಲೀಡರ್‌ಗಳ ಹುಟ್ಟುಹಬ್ಬದ್ದು ಬ್ಯಾರೆ. ಫೋಟೋ ಕೊಡೂವಾಗ ಎಲ್ಲಾರದೂ ಒಂದ ಮಾತು, "ಥೋಡಾ ಸಾಫ್ ಕರ್ ದೇವ್ ಭಾಯ್." ಸಾಫ್ ಅಂದ್ರ ಬೆಳ್ಳಗ. ಮಾರಿ ಬೆಳ್ಳಗ ಆಗಬೇಕು, ಮಚ್ಚಿ, ಕಲಿ, ಸುಕ್ಕು ಹೋಗಬೇಕು, ಕುತಗಿ ಬಣ್ಣ ಮಾರಿಗೆ ಹೊಂದಬೇಕು. ಹದಿನಾಕು ವರ್ಷ ಇದನ್ನ ಮಾಡೀನಿ. ಈಗ ಹೆಂಗ ಆಗೈತಂದ್ರ ಕಣ್ಣು ನೋಡೂಕಿಂತ ಮೊದಲ ಕೈ ಒರಸಿಬಿಡತೈತಿ. ಇದನ್ನ ನನ್ನ ಬಡಿವಾರಕ್ಕ ಹೇಳಾಕತ್ತಿಲ್ಲ. ಮುಂದ ಬರೂ ಮಾತಿಗೆ ಇದು ಬೇಕು.

ಉಮಾಶ್ರೀನ್ನ ನೀ ಇಲ್ಲಿ ಬಿಟ್ಟು ಹೋಗಿ ಎಂಟು ತಿಂಗಳಾತು. ಊರ ಮಂದಿಗೆಲ್ಲ ಕೋಚಿಂಗ್ ಅಂತ ಹೇಳೀದಿ. ಸಿಕಂದರಾಬಾದಿನ ಚರ್ಮದ ಡಾಕ್ಟರ ವಿಷಯ ನಿನಗ, ಭಾವಗ, ನಮಗ ಬಿಟ್ಟರ ಯಾರಿಗೂ ಗೊತ್ತಿಲ್ಲ. ವಾರಕ್ಕ ಎರಡು ಸಲ ಗುಳಿಗಿ ನುಂಗಿ, ಅಲ್ಲಿಯ ಮಶಿನ್ ದೀಪದ ಮುಂದ ನಿಂತು ಬರಬೇಕು. ಆಕಿ ಬಸ್ಸಿಗೆ ಒಬ್ಬಾಕೀನ ಹೋಗಿ ಬರ್ತಿದ್ಳು, ಒಂದು ದಿನಾನೂ ಜೊತಿಗೆ ಬರ್ರಿ ಅಂದಾಕಿಲ್ಲ. ನೀ ಹೊಲಿಸಿ ಕೊಟ್ಟ ತುಂಬುತೋಳಿನ ಚೂಡಿದಾರನ ಹಾಕತಿದ್ಳು, ಎಂಥಾ ಬಿಸಲಿರಲಿ, ಮನ್ಯಾಗಿರಲಿ. ನಮ್ಮ ಮನ್ಯಾಗ ತೊನ್ನು ಅನ್ನೂ ಶಬ್ದ ಯಾರೂ ಆಡೂದಿಲ್ಲ. ನಾನೂ ಆಡಿಲ್ಲ. ಆಕಿ ಕೈ ನಾ ಹೋದ ವರ್ಷದಿಂದ ಸರಿಯಾಗಿ ನೋಡೇ ಇಲ್ಲಂತ ಈಗ ಗೊತ್ತಾಗೈತಿ.

ಡಿಸೆಂಬರಿನಿಂದ ಇಲ್ಲಿ ತೆಲಂಗಾಣದ ಗದ್ದಲಕ್ಕ ಬಂದ್ ಮ್ಯಾಲ ಬಂದ್. ಕೋಚಿಂಗಿಗೆ ರಜಾ ಭಾಳ ಬಿದ್ದುವು. ನಮ್ಮನಿ ಕಂಪ್ಯೂಟರು ಆಕಿಗೆ ಇಡೀ ದಿನ ಸಿಕ್ಕಿತು. ಕೋಚಿಂಗಿನ ಗೆಳತಿ ನಲಿನಿ ಅಂತ ಒಬ್ಬಾಕಿ ಅಕ್ಟೋಬರಿನ್ಯಾಗ ಒಂದು ಗೇಮ್ ಕೊಟ್ಟಿದ್ಳು, ಅದನ್ನ ಆಡತಿದ್ಳು. ನಿನಗ ತಿಳಿಯೂವಂಗ ಹೇಳತೀನಿ. ಅದರಾಗ ಗುಡ್ಡ, ಅಡವಿ, ಕೋಟಿ ಇರೂ ಊರು ಎಲ್ಲಾ ಅದಾವ, ನಾವು ಒಂದು ವೇಷ ತಗೊಂಡು ಅದರಾಗ ತಿರಗಬೇಕು, ಕುದರಿ ಏರಬೇಕು, ಕತ್ತಿ ಹಿಡೀಬೇಕು. ಗೇಮ್ ಮಾಡಿದ ಕಂಪನಿಯವರು ಕೊಟ್ಟದ್ದು ಸಾಲದಂತ ಆಡೂ ಮಂದೀನ ಹೊಸಾ ಅರಿವಿ, ಹೊಸಾ ಮಾರಿ ಮಾಡಿ ನೆಟ್ಟಿನ್ಯಾಗ ಇಟ್ಟಿರ್ತಾರ. ಅವಕ್ಕ ಮಾಡ್ ಅಂತಾರ. ಉಮಾಶ್ರೀ ಇಂಥಾ ಹತ್ತಿಪ್ಪತ್ತು ಮಾಡ್ ಕೂಡಿಸಿ ತನ್ನ ಮಾರಿ ಹೋಲೂ ಹೆಣಮಗಳೊಬ್ಬಾಕೀನ ಮಾಡಿ, ಆಕಿಗೆ ಬಂಡೆಮ್ಮ ಅಂತ ನಮ್ಮವ್ವನ ಹೆಸರಿಟ್ಟಿದ್ಳು. ನಮ್ಮವ್ವ ಎತ್ತಿನ ಬಂಡಿ ಹತ್ತಾಕ ಅಂಜತಿದ್ಳು. ಇಲ್ಲಿ ಕುದರಿ ಮ್ಯಾಲ ಕುಂತು ಕತ್ತಿ ಹಿಡದಾಳ. ನೋಡಿದ್ರ ನೀನೂ ನಗತಿದ್ದಿ.

ಜನವರಿ ಕಡೀಕ ಒಂದಿನ ಉಮಾಶ್ರೀ ಬಂದು, "ಮಾಮಾ, ಬಂಡೆಮ್ಮನ ತಲಿ ಒಂದು ಬಣ್ಣ, ಮೈ ಒಂದು ಬಣ್ಣ ಆಗೈತಿ. ನೀವು ಬಣ್ಣದ ಕೆಲಸದವರು, ಸ್ವಲ್ಪ ನೋಡ್ರಿ," ಅಂದ್ಳು. ನೋಡಿದೆ. ಮಾರಿ ಗೋದಿ ಬಣ್ಣ, ಕುತಗಿ ಕೆಳಗ ಹುಣಸಿಹಣ್ಣಿನ ಬಣ್ಣ, ನಡುವ ದಾರ ಕಟ್ಟಿದಂಗ ಒಂದು ಗೆರಿ. ಮಾರಿಗೆ ಹೊಸಾ ಮಾಡ್ ಹಾಕಿದ ಮ್ಯಾಲ ಹಿಂಗ ಆಗಿತ್ತಂತ. ಮೂರು ದಿನ ಬಡದಾಡಿ ಬಿಟ್ಟಿದ್ಳು. ಆಕಿ ಕೋಚಿಂಗಿನ ಪರೀಕ್ಷಾಕ್ಕ ಹೋದ್ಳು, ನಾ ಆ ರವಿವಾರ ಅದರ ಮುಂದ ಕುಂತೆ.

ಆ ಗೇಮಿನ್ಯಾಗ ತಲಿಗೆ ಒಂದು ಚಿತ್ರ, ಮೈಗೆ ಒಂದು ಚಿತ್ರ, ಕೈಗೆ ಒಂದು ಚಿತ್ರ ಬ್ಯಾರೆ ಬ್ಯಾರೆ ಇರತಾವ. ತೊಗಲು ಸುಲದು ನೆಲದ ಮ್ಯಾಲ ಹಾಸಿದಂಗ ಕಾಣತಾವ, ಯಾವುದು ಎಲ್ಲೀದಂತ ಒಮ್ಮೆಲೆ ತಿಳೀದಿಲ್ಲ. ನಾ ಅಂಗಡ್ಯಾಗ ಮಾಡೂವಂಗ ಮಾರಿ ಬಣ್ಣ ಎತ್ತಿ ಮೈಗೆ ಹೊಂದಿಸಿದೆ. ಚಿತ್ರದಾಗ ಎರಡೂ ಒಂದ ಆದ್ವು. ಗೇಮ್ ತಗದ್ರ ಗೆರಿ ಅಲ್ಲೇ ಇತ್ತು. ಇನ್ನೂ ಬೆಳ್ಳಗ ಮಾಡಿದೆ, ಬಿಸಲಾಗ ಹೊಂದಿತು, ನೆಳ್ಳಾಗ ಮತ್ತ ಕೆಟ್ಟಿತು. ಆಮ್ಯಾಲ ನೆಟ್ಟಿನ್ಯಾಗ ಓದಿ ತಿಳಕೊಂಡೆ, ಪ್ರತಿ ಚಿತ್ರದ ಜೊತಿಗೆ ಇನ್ನೊಂದು ಚಿತ್ರ ಇರತೈತಂತ, ಬೆಳಕು ತೊಗಲಿನ ಮ್ಯಾಲ ಹೆಂಗ ಬೀಳಬೇಕು ಅನ್ನೂದನ್ನ ಅದು ಹೇಳತೈತಂತ. ತಲಿದು ಒಬ್ಬರ ಮಾಡಿನಿಂದ ಬಂದಿತ್ತು, ಮೈದು ಇನ್ನೊಬ್ಬರದು. ಅಂದ್ರ ತಪ್ಪು ಬಣ್ಣದ್ದಲ್ಲ, ಬೆಳಕಿನದು. ಎರಡನ್ನೂ ಒಬ್ಬರದ ಹಾಕಿದೆ. ಆದ್ರೂ ಗೆರಿ ಹೋಗಲಿಲ್ಲ. ಮಾಡ್‌ಗಳಾಗ ಕಡೀಕ ಹಾಕಿದ್ದು ಎಲ್ಲಾದರ ಮ್ಯಾಲ ಕುಂದರತೈತಿ, ಗ್ವಾಡಿಗೆ ಪೋಸ್ಟರ್ ಮ್ಯಾಲ ಪೋಸ್ಟರ್ ಹಚ್ಚಿದಂಗ. ಮುಂದಿನ ರವಿವಾರ ಒಂದೊಂದ ಕಿತ್ತು, ಸಾಲು ಬದಲಿ ಮಾಡಿ, ಗೇಮ್ ತಾನ ಹಿಂದ ಮಾಡಿ ಇಟಗೊಂಡಿದ್ದ ಹಳೇ ಮಾರಿ ಚಿತ್ರ ಅಳಿಸಿ, ಹೊಸದು ಮಾಡಿಸಿದೆ. ಗೆರಿ ಹೋತು. ಎರಡು ರವಿವಾರದ ಕೆಲಸ, ನನಗ ಖುಷಿ ಆತು.

ಅಲ್ಲಿಗೆ ಬಿಟ್ಟಿದ್ರ ಚಲೋ ಇತ್ತು. ಕೈಯಿಂದು ಚಿತ್ರ ಹಂಗ ತಗದಿತ್ತು. ಅದರಾಗ ಅಲ್ಲಲ್ಲಿ ಬಿಳಿ ಕಲಿ ಇದ್ವು, ದಂಡಿ ಹರಕು ಹರಕು. ಡೌನ್‌ಲೋಡ್ ಆಗೂವಾಗ ಫೈಲ್ ಕೆಟ್ಟೈತಂತ ತಿಳಕೊಂಡೆ. ಬಾಜೂದ ಬಣ್ಣ ಎತ್ತಿ ತುಂಬಿದೆ. ಮೈ ಚಿತ್ರದಾಗ ಮೊಣಕೈ ಹತ್ರ ಎರಡು, ಮಾರ್ಯಾಗ ತುಟಿ ಅಂಚಿಗೆ ಒಂದು ಇದ್ವು, ಅವನ್ನೂ ತುಂಬಿದೆ. ಹತ್ತು ಮಿನಿಟು ಹಿಡೀಲಿಲ್ಲ. ಹಳೇದರ ಮ್ಯಾಲ ಸೇವ್ ಮಾಡಿದೆ.

ಉಮಾಶ್ರೀ ಬಂದು ಗೇಮ್ ತಗದ್ಳು. ನಾ ಹಿಂದ ನಿಂತಿದ್ದೆ. ಕುತಗಿ ನೋಡಿ, "ಚಲೋ ಆಗೈತಿ ಮಾಮಾ," ಅಂದ್ಳು. ಆಮ್ಯಾಲ ಬಂಡೆಮ್ಮನ್ನ ಮುಂದಕ ತಿರಗಿಸಿದ್ಳು, ಸ್ವಲ್ಪ ಹೊತ್ತು ನೋಡಿದ್ಳು, ಬಂದ್ ಮಾಡಿ ಎದ್ದು ಹೋದ್ಳು. ಮೂರು ದಿನ ಕೇಳಿದ್ದಕ್ಕಷ್ಟ ಮಾತು. ರಶ್ಮಿಗೆ ಮೊದಲು ತಿಳೀತು. "ನೀವೇನಾರ ಅಂದೀರೇನು ಆಕೀಗೆ?" ಅಂತ ನನ್ನ ಕೇಳಿದ್ಳು. ಏನೂ ಅಂದಿಲ್ಲಂದೆ. ನಾಕನೇ ದಿನ ಮುಂಜಾನೆ ಉಮಾಶ್ರೀ ಅವಲಕ್ಕಿ ತಿನ್ನೂವಾಗ ನಾನ ಕೇಳಿದೆ.

"ಕುತಗಿ ನೀವು ಸರಿ ಮಾಡಿದ್ರಿ. ಕೈ ಯಾಕ ಮಾಡಿದ್ರಿ?" ಅಂದ್ಳು.

"ಕಲಿ ಬಿದ್ದಿದ್ವು," ಅಂದೆ.

"ಅವು ಬಿದ್ದಿದ್ದಲ್ಲ ಮಾಮಾ. ನಾ ಬಿಡಿಸಿದ್ದು. ನನ್ನುವು."

ದನಿ ಏರಿಸಲಿಲ್ಲ. ಅಕ್ಟೋಬರಿನಿಂದ ದಿನಾ ಒಂದೀಟು, ತನ್ನ ಕೈ ಎದುರಿಗೆ ಇಟಗೊಂಡು ಬಿಡಿಸಿದ್ಳಂತ. ಯಾಕ ಅಂತ ಕೇಳಿದೆ. "ಬಂಡೆಮ್ಮ ಆ ಊರಾಗ ಬರೇ ತೋಳಿಲೆ ತಿರಗತಾಳ. ರೊಟ್ಟಿ ಮಾರಾವ ಮಾತಾಡತಾನ, ಕುದರಿ ಲಾಯದಾಕಿ ಮಾತಾಡತಾಳ. ಯಾರೂ ಕೈ ನೋಡಿ ಏನಾತಂತ ಕೇಳೂದಿಲ್ಲ," ಅಂದ್ಳು. ತಾಟು ತಿಕ್ಕಿಟ್ಟು ಕೋಚಿಂಗಿಗೆ ಹೋದ್ಳು. ಅಂಗಡ್ಯಾಗ ಯಾವ ಫೋಟೋದ ಅಸಲೂ ನಾ ಅಳಿಸಿದಾವಲ್ಲ, ಹದಿನಾಕು ವರ್ಷದ ಪದ್ಧತಿ ಅದು. ಇದು ಗೇಮ್ ಅಂತ ಅಸಲು ತಗದಿಟ್ಟಿರಲಿಲ್ಲ. ಅವತ್ತು ಅಂಗಡಿ ತಡಾ ಮಾಡಿ ತಗದೆ, ಅಲ್ಲೀತನಾ ಮನಿ ಕಂಪ್ಯೂಟರಿನ್ಯಾಗ ಎಷ್ಟು ಹುಡುಕಿದ್ರೂ ಸಿಗಲಿಲ್ಲ.

ಸಂಜೀಕ ಆಕಿಗೆ ಹೇಳಿದೆ, ಅಂಗಡ್ಯಾಗ ಸ್ಕ್ಯಾನರ್ ಐತಿ, ಕೈ ಇಟ್ಟರ ಇದ್ದದ್ದು ಇದ್ದಂಗ ಬರತೈತಿ, ಅದನ್ನ ನೋಡಿ ಮತ್ತ ಬಿಡಿಸೋಣಂತ. ಬೇಸ್ತವಾರ ಕೋಚಿಂಗ್ ಮುಗಿಸಿ ಬಂದ್ಳು. ನಾ ಶಟರ್ ಅರ್ಧ ಇಳಸಾಕ ಹೋದೆ. "ಯಾಕ ಇಳಸ್ತೀರಿ?" ಅಂದ್ಳು. ಬಿಟ್ಟೆ. ತೋಳು ಮ್ಯಾಲ ಮಾಡಿ, ಗಾಜಿನ ಮ್ಯಾಲ ಎಡಗೈ ಊರಿದ್ಳು. ಅಷ್ಟರಾಗ ಜನಾರ್ದನ ಅಂತ ಗಿರಾಕಿ, ಹಾಸ್ಟೆಲ್ ನಡಸಾವ, ತನ್ನ ಬೋರ್ಡ್ ಕೇಳಾಕ ಬಂದ. ಕೈ ನೋಡಿದ. ಕೌಂಟರಿನ ಮ್ಯಾಲ ಇಟ್ಟಿದ್ದ ತನ್ನ ಚೀಲ ಎತ್ತಿ ಬಗಲಿಗೆ ಹಾಕ್ಕೊಂಡ. ಉಮಾಶ್ರೀ ಅವನ ಕಡೆ ತಿರಗಿ, "ಅಂಟುಕೋದಂಡಿ," ಅಂದ್ಳು. ಅಂಟೂದಿಲ್ರಿ ಅಂತ. ಅವ "ಅದಿ ಕಾದಮ್ಮಾ," ಹಂಗಲ್ಲಮ್ಮಾ ಅಂದ. ಸ್ಕ್ಯಾನರಿನ ಬೆಳಕು ಈ ತುದಿಯಿಂದ ಆ ತುದಿಗೆ ಹೋಗೂತನಾ ಆಕಿ ಕೈ ತಗೀಲಿಲ್ಲ. ಅವ ಬೋರ್ಡ್ ತಗೊಂಡು ಹೋದ. ಉಮಾಶ್ರೀ ಬಲಗೈ ಇಟ್ಳು.

ಆಕಿ ಹತ್ರ ಅಕ್ಟೋಬರಿನ್ಯಾಗ ನೋಟ್‌ಬುಕ್ಕಿನ್ಯಾಗ ಗೆರಿ ಎಳದಿಟ್ಟಿದ್ದ ಅಳತಿ ಇತ್ತು. ಅದರ ಬಾಜೂಕ ಹೊಸಾ ಸ್ಕ್ಯಾನ್ ಇಟ್ಟು ನೋಡಿದ್ವಿ. ಹೆಬ್ಬೆರಳಿನ ಬುಡದ್ದು ಆವಾಗ ತೊಗರಿಕಾಳಿನಷ್ಟು ಇತ್ತು, ಈಗ ಹುಣಸಿಬೀಜದಷ್ಟು ಆಗೈತಿ. ಮಣಿಕಟ್ಟಿನ ಎರಡು ಕೂಡಿ ಒಂದಾಗ್ಯಾವ. ಆಕಿ ನೋಡಿ, "ಹಂಗಾರ ಹೊಸಾ ಅಳತಿ ಹಾಕೋಣ," ಅಂದ್ಳು. ಗದ್ದದ ಕೆಳಗ ಒಂದು ಹೊಸದು ಎದ್ದೈತಿ, ನಿನಗ ಗೊತ್ತಿಲ್ಲ. ಅದು ಸರಿಯಾಗಿ ತಲಿ-ಮೈ ಕೂಡೂ ಜಾಗದಾಗ ಬರತೈತಿ, ಅರ್ಧ ಒಂದು ಚಿತ್ರದಾಗ, ಅರ್ಧ ಇನ್ನೊಂದರಾಗ. ಅದನ್ನ ಹೊಂದಸಾಕ ಎರಡು ಸಂಜಿ ಹಿಡೀತು. ಆಕಿ ಬಿಡಿಸಿದ್ಳು, ನಾ ದಂಡಿ ಕೂಡಿಸಿದೆ. ಮೊನ್ನೆ ಶುಕ್ರವಾರ ಮುಗೀತು. ಈ ಸಲ ಅಸಲು ಮೂರು ಕಡೆ ತಗದಿಟ್ಟೀನಿ.

ಅಕ್ಕಾ, ನೀ ಪ್ರತಿ ವಾರ ಫೋನಿನ್ಯಾಗ "ಕಮ್ಮಿ ಆಗ್ಯಾವೇನು?" ಅಂತ ಕೇಳತಿದ್ದಿ. ನಾ ಹೂಂ ಅಂತಿದ್ದೆ. ನೋಡಿ ಹೇಳಿದ್ದಲ್ಲ ಅದು. ಅದಕ್ಕ ನಿನ್ನ ಮುಂದ ತಪ್ಪು ಒಪ್ಪಕೊಳ್ಳಾಕತ್ತೀನಿ. ಆಕಿ ಓದು ಚಲೋ ಐತಿ, ಹೋದ ಪರೀಕ್ಷಾದಾಗ ನೂರಾ ಹತ್ತು ಮಂದ್ಯಾಗ ಒಂಬತ್ತನೇದಾಕಿ. ಊಟ ಮಾಡತಾಳ, ನಿದ್ದಿ ಮಾಡತಾಳ. ರಶ್ಮಿ ಜೊತಿಗೆ ಜಗಳಾನೂ ಆಡತಾಳ, ಈಗೀಗ ಜಾಸ್ತಿ.

ಭಾವಗ, ನಿಮ್ಮತ್ತಿಗೆ ನನ್ನ ನಮಸ್ಕಾರ ತಿಳಸು. ರಶ್ಮಿ ನಿನಗ ಕಾಲು ಮುಟ್ಟಿ ಶರಣು ಹೇಳ್ಯಾಳ. ದೊಡ್ಡಾಕಿ ನೀ, ಸಿಟ್ಟು ಬಂದ್ರೂ ನಮ್ಮ ಮೂವರ ಮ್ಯಾಲ ನಿನ್ನ ಹರಕಿ ಇರಲಿ.

ನಿನ್ನ ತಮ್ಮ,
ಹುಲಗೇಶ

ತಾ.ಕ.: ರಶ್ಮಿ ಪತ್ರ ಓದಿ, ಮುಖ್ಯ ಮಾತ ಬಿಟ್ಟೀರಿ ಅಂದ್ಳು. ಖರೆ, ಬಿಟ್ಟಿದ್ದೆ. ಉಮಾಶ್ರೀ ಐದು ವಾರದಿಂದ ಸಿಕಂದರಾಬಾದಿಗೆ ಹೋಗಿಲ್ಲ. ಗುಳಿಗಿ ನುಂಗಿದ ದಿನ ಹೊಟ್ಟಿ ತೊಳಸಿ ಓದಾಕ ಆಗೂದಿಲ್ಲಂತ. ಕಡೀ ಸಲ ಹೋದಾಗ ತಾನ ಡಾಕ್ಟರಿಗೆ ಹೇಳಿ ಬಂದಾಳ, ಪರೀಕ್ಷಾ ಮುಗದ ಮ್ಯಾಲ ಬೇಕೋ ಬ್ಯಾಡೋ ನಾನ ವಿಚಾರ ಮಾಡತೀನಂತ. ನನಗ ಎರಡು ವಾರದ ಹಿಂದ ಹೇಳಿದ್ಳು. ನಾ ಹೋಗು ಅನ್ನಲಿಲ್ಲ, ನೀ ಕೇಳಿದಾಗ್ಲೂ ಹೇಳಲಿಲ್ಲ. ಬರೂ ಶನಿವಾರ ಮಧ್ಯಾಹ್ನದ ಬಸ್ಸಿಗೆ ಲಿಂಗಸೂಗೂರಿಗೆ ಬರ್ತಾಳ, ನಾಕು ದಿನ ಇರ್ತಾಳ. ರಶ್ಮಿ ಕಡೆ ಅರ್ಧ ತೋಳಿನವು ಎರಡು ಹೊಲಿಸಿಕೊಂಡಾಳ, ಅವನ್ನ ಹಾಕ್ಕೊಂಡು ಇಳೀತಾಳ. ಬಸ್‌ಸ್ಟ್ಯಾಂಡಿನ್ಯಾಗ ಗುರುತಿನ ಮಂದಿ ಇದ್ದ ಇರ್ತಾರ. ನೀ ಕರಕೊಳ್ಳಾಕ ಬಾ. ಶಾಲು ತರಬ್ಯಾಡ.