ಕೆನ್ನೆ ಎತ್ತದ ಮೂರು ಎಣಿಕೆ

ಮಹಡಿಯ ಕೋಣೆ,
ಹನ್ನೆರಡನೇ ತಾರೀಖು, ಭಾನುವಾರ ಸಂಜೆ

ರೈಫಲ್ ಕುಲಶಿರೋಮಣಿಗಳೂ, ಹತ್ತು ಮೀಟರ್ ದೂರದ ಸಮಸ್ತ ಗುರಿಹಲಗೆಗಳಿಗೆ ಸಿಂಹಸ್ವಪ್ನರೂ, ಹಡಗಿನ ಎಂಜಿನ್ ಕೋಣೆಯ ಏಕಚ್ಛತ್ರಾಧಿಪತಿಗಳೂ ಆದ ಚಿಕ್ಕಪ್ಪನವರ ಗ್ರೀಸ್ ಮೆತ್ತಿದ ಪಾದಗಳಿಗೆ ಈ ಅಲ್ಪಜೀವಿಯ ಸಾಷ್ಟಾಂಗ ನಮಸ್ಕಾರಗಳು.

ಮೊಣಕಾಲು ನೋವು ಹೇಗಿದೆ? ಏಣಿ ಹತ್ತುವಾಗ ಹುಷಾರು ಎಂದು ಮೂರು ಸಲ ಬರೆಯಲು ಅಮ್ಮ ಹೇಳಿದ್ದಾಳೆ; ಒಂದು ಸಲ ಬರೆದಿದ್ದೇನೆ, ಉಳಿದೆರಡನ್ನು ನೀವೇ ಓದಿಕೊಳ್ಳಿ. ಚಿಕ್ಕಮ್ಮ ಸುಖವಾಗಿದ್ದಾಳೆ. ಟಿವಿ ರಿಮೋಟ್ ಈಗ ಅವಳ ವಶದಲ್ಲಿದೆ.

ಇನ್ನು ರಾಜಕಾರ್ಯ. ಹೊರಡುವಾಗ ನಿಮ್ಮ ಏರ್ ರೈಫಲ್ ನನ್ನ ಕೈಗಿತ್ತು ನೀವು ವಿಧಿಸಿದ ಶರತ್ತು ಮನೆಯ ಗೋಡೆಗಳಿಗೂ ಬಾಯಿಪಾಠ: "ಕ್ಲಬ್ಬಿನ ತಂಡಕ್ಕೆ ಆಯ್ಕೆಯಾದ್ರೆ ಇದು ನಿಂದು. ಇಲ್ಲಾಂದ್ರೆ ನಿಮ್ಮಕ್ಕನಿಗೆ." ದೊಡ್ಡಪ್ಪನ ಮಗಳಾದ ಆ ಅಕ್ಕ ಅಂದಿನಿಂದ ನನ್ನನ್ನು ನೋಡಿದಾಗಲೆಲ್ಲ ಅನುಕಂಪದಿಂದ ನಗುತ್ತಿದ್ದಳು. ನಗದೆ ಇನ್ನೇನು? ನಾಲ್ಕು ತಿಂಗಳು ನನ್ನ ಗುಂಡುಗಳು ಕಪ್ಪು ವೃತ್ತವೊಂದನ್ನು ಬಿಟ್ಟು ಊರೆಲ್ಲ ತಿರುಗಿದವು. ಬೆಳಕು, ಬೆವರು, ಪಕ್ಕದವನ ಕೆಮ್ಮು, ಕೊನೆಗೆ ರೈಫಲ್ಲು, ಎಲ್ಲದರ ಮೇಲೂ ಆರೋಪ ಹೊರಿಸಿದೆ. ನಮ್ಮ ಕೋಚ್ ಮೀಸೆ ಮಾಸ್ತರು ಎಲ್ಲವನ್ನೂ ಕೇಳಿಸಿಕೊಂಡು, "ನಿನ್ನೊಬ್ಬನ್ನ ಬಿಟ್ಟು ಎಲ್ಲರದೂ ತಪ್ಪು, ಒಪ್ದೆ. ಮೊಬೈಲ್ ನಿಲ್ಸಿ ನಿನ್ನನ್ನೇ ವಿಡಿಯೊ ಮಾಡ್ಕೊ, ಆಮೇಲೆ ಮಾತಾಡೋಣ" ಎಂದರು.

ಕುರ್ಚಿಯ ಮೇಲೆ ಪುಸ್ತಕ ಪೇರಿಸಿ ಮೊಬೈಲ್ ನಿಲ್ಲಿಸಿದೆ. ಚಿಕ್ಕಪ್ಪಾ, ಅದರಲ್ಲಿ ಕಂಡವನು ಶೂಟರ್ ಅಲ್ಲ, ಬಸ್ಸು ಬಂತೇ ಎಂದು ಕತ್ತು ಚಾಚುವ ಪ್ರಯಾಣಿಕ. ಟ್ರಿಗರ್ ಒತ್ತುವಷ್ಟರಲ್ಲಿ ಕೆನ್ನೆ ರೈಫಲ್ ಬಿಟ್ಟು ಎದ್ದು, ಗುಂಡು ಎಲ್ಲಿ ಬಿತ್ತೆಂದು ಗುಂಡಿಗಿಂತ ಮೊದಲೇ ನೋಡಲು ಹೊರಟಿದೆ. ನಿಧಾನವಾಗಿ ಓಡಿಸಿದರೆ ಇನ್ನೂ ಅವಮಾನ: ಹುಬ್ಬು ಮೇಲೆ, ಭುಜ ಕೆಳಗೆ, ನಾಲಿಗೆ ಹೊರಗೆ. ಅಕ್ಕ ಹನ್ನೊಂದು ಸಲ ನೋಡಿ, ಹೊಟ್ಟೆ ಹಿಡಿದುಕೊಂಡು ನೀರು ಕುಡಿಯಲು ಹೋದಳು.

ಆಮೇಲೆ ಮೂರು ವಾರ ಒಂದೇ ತಪಸ್ಸು. ಗುಂಡು ಹಾರಿದ ಮೇಲೂ ಕೆನ್ನೆ ಎತ್ತದೆ ಮನಸ್ಸಿನಲ್ಲೇ ಮೂರರವರೆಗೆ ಎಣಿಸುವುದು, ಹತ್ತು ಗುಂಡಿಗೊಮ್ಮೆ ವಿಡಿಯೊ ನೋಡಿ ನನ್ನನ್ನು ನಾನೇ ಬೈದುಕೊಳ್ಳುವುದು, ಪರವಾಗಿಲ್ಲ ಅನ್ನಿಸಿದ್ದನ್ನು ನಿಮಗೆ ಕಳಿಸುವುದು. ಅಭ್ಯಾಸ ಎಷ್ಟು ಹತ್ತಿತೆಂದರೆ ಊಟದ ತಟ್ಟೆಯ ಮುಂದೆಯೂ ಮೂರು ಎಣಿಸುತ್ತಿದ್ದೆ. ಅಡುಗೆ ಕೆಟ್ಟಿದೆಯೇನೋ ಎಂದು ಅಮ್ಮ ಗಾಬರಿಯಾದಳು.

ನಿನ್ನೆ ಆಯ್ಕೆ ನಡೆಯಿತು. ನಾನೂರು ಅಂಕಕ್ಕೆ ಬೇಕಿದ್ದದ್ದು ಮುನ್ನೂರ ಎಪ್ಪತ್ತೈದು. ತಮ್ಮ ಶಿಷ್ಯ ಹೊಡೆದದ್ದು ಮುನ್ನೂರ ಎಪ್ಪತ್ತೆಂಟು. ಕೊನೆಯ ಗುಂಡು ನಟ್ಟನಡುವೆ, ಕೆನ್ನೆ ಕದಲಲಿಲ್ಲ. ಮೀಸೆ ಮಾಸ್ತರು ನನ್ನ ಕೈ ಕುಲುಕಿದರು. ಅಕ್ಕ ಬೆನ್ನಿಗೊಂದು ಗುದ್ದಿ, "ಕೋತಿಗೂ ಕಲಿಸ್ಬೋದು ಅಂತಾಯ್ತು ಬಿಡು" ಎಂದಳು. ಅವಳ ಬಾಯಲ್ಲಿ ಇದು ಬಿರುದು.

ಮನೆಯವರೆಲ್ಲರ ನೆನಪುಗಳೊಂದಿಗೆ, ತಮ್ಮ ಆಶೀರ್ವಾದಕ್ಕೆ ತಲೆಯೊಡ್ಡಿ,
ತಂಡದ ನಾಲ್ಕನೇ ಸದಸ್ಯ,
ನಿಮ್ಮ ಪೀಡೆ

ಮರೆತಿದ್ದೆ: ಮಾಸ್ತರು ವಿಡಿಯೊ ಮಾಡು ಎಂದದ್ದರ ಹಿಂದಿನ ದಿನವೇ ನಾನು ಸ್ಕ್ರೂಡ್ರೈವರ್ ಹಿಡಿದು ನಿಮ್ಮ ರೈಫಲ್‌ನ ದೋಷ ಸರಿಪಡಿಸಲು ಕೂತಿದ್ದೆ. ಒಂದು ಸ್ಕ್ರೂ ಮುರಿಯಿತು. ಅಂದಿನಿಂದ ಅದು ರಿಪೇರಿಯವರ ಹತ್ತಿರ ಇದೆ. ಹೊಡೆದದ್ದೆಲ್ಲ ಟೇಪು ಸುತ್ತಿದ ಕ್ಲಬ್ಬಿನ ಹಳೆಯ ರೈಫಲ್‌ನಿಂದ. ನಿಮಗೆ ಕಳಿಸಿದ ವಿಡಿಯೊಗಳಲ್ಲಿ ಬರೀ ನನ್ನ ಮುಖ ಇರುವುದು ಅದಕ್ಕೇ. ನಿಮ್ಮ ರೈಫಲ್‌ನಿಂದಲೇ ಹೊಡೆಯಬೇಕು ಅಂತ ಶರತ್ತಿನಲ್ಲಿ ಇರಲಿಲ್ಲ, ಅಲ್ಲವೇ ಚಿಕ್ಕಪ್ಪಾ?