ಬಾಟ್ಲಿಯ ಮೇಲಿನ ಚೀಟಿ

ನಾವುಂದ
14-3-2003

ಸಿಗಡಿ ಕೆರೆಯ ಯಜಮಾನರಾದ ಜಯಕರ ಹೆಗ್ಡೆಯವರಿಗೆ,

ನಾಳೆಯಿಂದ ನಾನು ಕೆಲಸಕ್ಕೆ ಬರುವುದಿಲ್ಲ. ಕಾರಣ ನಿಮಗೆ ಗೊತ್ತು, ಆದರೂ ಬರೆಯುತ್ತೇನೆ.

ನಿಮ್ಮ ಕೆರೆಯ ಉಪ್ಪುನೀರು ನಮ್ಮ ಬಾವಿಗೆ ಇಳಿದು ಎರಡು ವರ್ಷವಾಯಿತು. ಅಮ್ಮ ಗಂಜಿಗೆ ಉಪ್ಪು ಹಾಕುವುದನ್ನೇ ಬಿಟ್ಟಿದ್ದಾಳೆ. ನಮ್ಮ ಬಾವಿನೀರಿನ ಪರೀಕ್ಷೆಗೆಂದು ತಾಲ್ಲೂಕು ಕಚೇರಿಯಿಂದ ನಿಮ್ಮ ಕೈಗೆ ಬಾಟ್ಲಿ ಬಂದಾಗ ನೀವು ಗುಡ್ಡೆಯ ಮೇಲಿನ ನಿಮ್ಮ ಮನೆಯ ಬಾವಿ ತೋರಿಸಿದಿರಿ. "ನೀರ್ ನೀರೇ ಅಲ್ದಾ ಹೆಣೆ, ಎಲ್ಲಿದಾದ್ರೆ ಎಂತ?" ಎಂದಿರಿ. ಆ ನೀರು ತುಂಬಿಸಿ, ಅಮ್ಮನ ಹೆಸರಲ್ಲಿ "ಸುಗುಣ ಅವರ ಮನೆ ಬಾವಿ" ಎಂದು ಚೀಟಿ ಬರೆದು ಅಂಟಿಸಿದವಳು ನಾನು. ಕೆಲಸ ಹೋದೀತೆಂದು ಹೆದರಿ ಬರೆದೆ. ನೀರು ಕುಡಿಯಲು ಯೋಗ್ಯ ಎಂದು ವರದಿ ಬಂತು. ಕೇರಿಯ ಏಳು ಮನೆಗೆ ಬರಬೇಕಿದ್ದ ನಳ್ಳಿ ನೀರು ನಿಂತುಹೋಯಿತು.

ಇದಿಷ್ಟನ್ನೂ ತಹಶೀಲ್ದಾರರಿಗೆ ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ನಿಜ ಹೇಳುತ್ತೇನೆಂದದ್ದಕ್ಕೆ ನಿನ್ನೆ, "ಅಕ್ಷರ ನಿಂದೇ, ಸಿಕ್ಕಿ ಬೀಳೂದೂ ನೀನೇ" ಎಂದು ನಕ್ಕಿರಿ. ಬೀಳುತ್ತೇನೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು; ಸುಳ್ಳು ಬರೆಯಲು ಕಲಿತದ್ದು ನಿಮ್ಮಲ್ಲಿ.

ಸೋಮವಾರ ಬೆಳಿಗ್ಗೆ ಅಧಿಕಾರಿಗಳು ನಮ್ಮ ಬಾವಿಗೇ ಬರುತ್ತಾರಂತೆ. ನೀವೂ ಬನ್ನಿ. ನನ್ನ ಮೇಲಿನ ಸಿಟ್ಟಿಗೆ ಅಮ್ಮನನ್ನು ಕೆರೆ ಕೆಲಸದಿಂದ ತೆಗೆಯುವುದಾದರೆ ಅಲ್ಲೇ, ಎಲ್ಲರೆದುರು ಹೇಳಿ.

ಮನೆಗೆ ಬಂದವರಿಗೆ ಬೆಲ್ಲ, ನೀರು ಕೊಡುವುದು ನಮ್ಮ ಕ್ರಮ. ಅವತ್ತು ನಿಮಗೆ ತುಂಬಿದ ಲೋಟ ನೀರು ಕೊಡುತ್ತೇನೆ. ಬೆಲ್ಲ ಇಡುವುದಿಲ್ಲ.

ಇತಿ,
ಸುಗುಣ ಅವರ ಮಗಳು
ಶ್ರೀಲತಾ